ಒಂದೇ ಮನೆ, ಎರಡು ಲೈಬ್ರರಿ

ಡಿ. ಹಿರೇಹಾಳಿನವರಿಗೆ ಮೈ ಹುಷಾರಿಲ್ಲದಿದ್ದರೆ ಬಳ್ಳಾರಿ, ಜಮೀನಿನ ಕಾಗದಕ್ಕೆ ರಾಯದುರ್ಗ, ದೊಡ್ಡ ಸಾಹೇಬರ ಸಹಿ ಬೇಕಾದರೆ ಅನಂತಪುರ. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅಂದಿನ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ಬಳ್ಳಾರಿ ಮೈಸೂರಿನ ಪಾಲಿಗೆ ಬಂತು. ಗೆರೆ ಎಳೆದರೇನು, ಬಸ್ಸು ನಿಲ್ಲಲಿಲ್ಲ, ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ, ಸಂತೆಯೂ ನಿಲ್ಲಲಿಲ್ಲ. ಮಡಕಶಿರಾ ಕಡೆಯ ನಮ್ಮ ಕನ್ನಡ ಕುಟುಂಬಗಳದೂ ಇದೇ ಕಥೆ. 2022ರಲ್ಲಿ ಅವರ ತಾಲ್ಲೂಕು ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆದರೂ ಅವರ ನೆಂಟಸ್ತಿಕೆ ಪಾವಗಡ, ಶಿರಾ, ಮಧುಗಿರಿ ಕಡೆಗೇ.

ಈ ಗಡಿ ನಿಜವಾಗಿ ಅಡ್ಡ ಬರುವುದು ಮಕ್ಕಳ ಓದಿನಲ್ಲಿ. ಅದರಲ್ಲೂ ವೈದ್ಯಕೀಯ, ನರ್ಸಿಂಗ್ ಓದುವ ಮಕ್ಕಳ ವಿಷಯದಲ್ಲಿ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಒಬ್ಬ ಮಗಳಾದರೂ ನರ್ಸ್ ಆಗಿರುತ್ತಾಳೆ, ಇಲ್ಲವೇ ಆಗಲು ಹೊರಟಿರುತ್ತಾಳೆ. ಹಾಗಾಗಿ ಈ ಸಲ ಸ್ವಲ್ಪ ಒಣ ವಿಷಯವೆನಿಸಿದರೂ ಲೈಬ್ರರಿಯ ಬಗ್ಗೆ ಬರೆಯುತ್ತಿದ್ದೇನೆ. ಓದುಗರು ತಾಳ್ಮೆಯಿಂದ ಓದಬೇಕು.

ಡಿ. ಹಿರೇಹಾಳಿನ ಒಂದು ಮನೆಯಲ್ಲಿ ಅಕ್ಕ ತಂಗಿ ಇದ್ದಾರೆಂದು ಕಲ್ಪಿಸಿಕೊಳ್ಳಿ. ಅಕ್ಕ ಬಳ್ಳಾರಿಯ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಅವಳ ವಿಶ್ವವಿದ್ಯಾಲಯ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ತಂಗಿಗೆ ಅನಂತಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಅವಳದು ವಿಜಯವಾಡದ ಎನ್.ಟಿ.ಆರ್. ಆರೋಗ್ಯ ವಿಶ್ವವಿದ್ಯಾಲಯ. ಹಬ್ಬದ ರಜೆಗೆ ಇಬ್ಬರೂ ಮನೆಗೆ ಬಂದಿದ್ದಾರೆ. ಅಜ್ಜನಿಗೆ ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳಿನ ಗಾಯ ಮೂರು ವಾರವಾದರೂ ಮಾಗುತ್ತಿಲ್ಲ. ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುವ ಮುನ್ನ ಇಬ್ಬರೂ ಮೊಬೈಲ್ ಹಿಡಿದು ಇಂಥ ಗಾಯವನ್ನು ಹೇಗೆ ಶುಚಿ ಮಾಡಬೇಕು, ಏನನ್ನು ಕಟ್ಟಬೇಕು ಎಂದು ಈಚಿನ ಸಂಶೋಧನೆ ಹುಡುಕುತ್ತಾರೆ. ಅಕ್ಕನಿಗೆ ತೆರೆದುಕೊಂಡ ಲೇಖನ ತಂಗಿಗೆ ತೆರೆಯುವುದಿಲ್ಲ. ತಂಗಿಗೆ ಸಿಕ್ಕ ಪತ್ರಿಕೆ ಅಕ್ಕನ ಪಟ್ಟಿಯಲ್ಲಿಲ್ಲ. ಒಂದೇ ಚಾಪೆಯ ಮೇಲೆ ಕೂತವರು ತಮ್ಮ ಪಾಸ್‌ವರ್ಡನ್ನು ಒಬ್ಬರಿಗೊಬ್ಬರು ಕೊಟ್ಟರೆ ಕರಾರಿನ ಪ್ರಕಾರ ಅದು ತಪ್ಪು. ಅಜ್ಜನ ಕಾಲು ಮಾತ್ರ ಒಂದೇ.

ಇದು ಹೇಗಾಯಿತು ಎಂದು ತಿಳಿಯಲು ವೈದ್ಯಕೀಯ ಲೈಬ್ರರಿ ಎಂದರೇನೆಂದು ಸ್ವಲ್ಪ ನೋಡಬೇಕು. ನಮ್ಮ ಊರಿನ ಲೈಬ್ರರಿಯಲ್ಲಿ ಕಾದಂಬರಿ ಹಳೆಯದಾದಷ್ಟೂ ಪ್ರೀತಿ ಹೆಚ್ಚು. ವೈದ್ಯಕೀಯದಲ್ಲಿ ಹಾಗಲ್ಲ. ದಪ್ಪ ದಪ್ಪ ಪುಸ್ತಕಗಳು ಅಚ್ಚಾಗಿ ಬರುವ ಹೊತ್ತಿಗೆ ಅವುಗಳ ಕೆಲವು ಮಾತು ಹಳತಾಗಿರುತ್ತದೆ. ಹೊಸ ಔಷಧ ಕೆಲಸ ಮಾಡಿತೇ, ಹಳೆಯ ಪದ್ಧತಿಯಿಂದ ಹಾನಿಯಾಯಿತೇ ಎಂಬುದೆಲ್ಲ ಮೊದಲು ಪ್ರಕಟವಾಗುವುದು ಜರ್ನಲ್ ಎಂಬ ನಿಯತಕಾಲಿಕಗಳಲ್ಲಿ. ಇವುಗಳಲ್ಲಿ ಹೆಚ್ಚಿನವು ಹೊರದೇಶದ ಪ್ರಕಾಶಕರವು, ಚಂದಾ ಡಾಲರಿನಲ್ಲಿ. ಒಂದೊಂದರ ವಾರ್ಷಿಕ ಚಂದಾ ಕೇಳಿದರೆ ನಮ್ಮಂಥವರ ಎದೆ ಝಲ್ಲೆನ್ನುತ್ತದೆ. ಬೆಲೆಯೂ ವರ್ಷ ವರ್ಷಕ್ಕೆ ಏರುತ್ತದೆ. ಹಾಗಿದ್ದೂ ಒಂದೇ ಊರಿನ ಹತ್ತು ಕಾಲೇಜುಗಳು ಅದೇ ಹತ್ತು ಜರ್ನಲ್ಲುಗಳನ್ನು ಬೇರೆ ಬೇರೆಯಾಗಿ ತರಿಸುತ್ತಿದ್ದವು. ಹನ್ನೊಂದನೆಯದು ಯಾರ ಹತ್ತಿರವೂ ಇರುತ್ತಿರಲಿಲ್ಲ.

ಹಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಲೈಬ್ರರಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಹೆಸರು ಬೇಡ. ಗಾಜಿನ ಬಾಗಿಲಿನ ಕಪಾಟುಗಳು, ಬೀಗ, ಒಳಗೆ ಸಾಲಾಗಿ ವಿದೇಶಿ ಜರ್ನಲ್ಲುಗಳು. ಹತ್ತಿರ ಹೋಗಿ ನೋಡಿದರೆ ಅರ್ಧದಷ್ಟಕ್ಕೆ ಅಂಚೆಯಲ್ಲಿ ಬಂದ ಪ್ಲಾಸ್ಟಿಕ್ ಕವರನ್ನೇ ಬಿಚ್ಚಿರಲಿಲ್ಲ. "ಇನ್‌ಸ್ಪೆಕ್ಷನ್‌ಗೆ ಬೇಕಲ್ಲ ಸಾರ್" ಎಂದು ಅಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚಿಸಿದಾಗ ನಗು ಬರಲಿಲ್ಲ. ಪರಿಶೀಲನೆಯವರಿಗೆ ತೋರಿಸಲು ಲೈಬ್ರರಿ, ಓದಲು ಸೀನಿಯರ್ ಕೊಟ್ಟ ಜೆರಾಕ್ಸ್ ನೋಟ್ಸ್!

ಇದಕ್ಕೆ ಕರ್ನಾಟಕದಲ್ಲಿ ಒಂದು ದಾರಿ ಹುಡುಕಿದ್ದು ರಾಜೀವ್ ಗಾಂಧಿ ವಿಶ್ವವಿದ್ಯಾಲಯವೇ. 1996ರಲ್ಲಿ ಅದು ಶುರುವಾಗುವ ಮುಂಚೆ ನಮ್ಮ ರಾಜ್ಯದ ವೈದ್ಯಕೀಯ ಕಾಲೇಜುಗಳು ಬೆಂಗಳೂರು, ಮೈಸೂರು, ಗುಲ್ಬರ್ಗ ಎಂದು ಬೇರೆ ಬೇರೆ ವಿಶ್ವವಿದ್ಯಾಲಯಗಳ ಕೆಳಗೆ ಹಂಚಿಹೋಗಿದ್ದವು. ಆಮೇಲೆ ಬಳ್ಳಾರಿಯ ವಿಮ್ಸ್ ಆಗಲಿ, ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಾಗಲಿ, ಮಂಗಳೂರಿನ ಫಾದರ್ ಮುಲ್ಲರ್ ಕಾಲೇಜಾಗಲಿ ಒಂದೇ ಸೂರಿನಡಿ ಬಂದವು. ಒಂದೇ ಸೂರು ಎಂದಮೇಲೆ ಒಂದೇ ಪುಸ್ತಕ ಭಂಡಾರ ಯಾಕಾಗಬಾರದು? 2003ರಲ್ಲಿ 'ಹೆಲಿನೆಟ್' ಎಂಬ ಕೂಟ ಆರಂಭವಾಯಿತು. ಪ್ರಕಾಶಕರ ಜೊತೆ ಪ್ರತಿ ಕಾಲೇಜೂ ಬೇರೆ ಬೇರೆಯಾಗಿ ಚೌಕಾಶಿ ಮಾಡುವುದರ ಬದಲು ವಿಶ್ವವಿದ್ಯಾಲಯವೇ ಎಲ್ಲರ ಪರವಾಗಿ ಕೂತು ಮಾತಾಡಿತು. ಕಾಲೇಜುಗಳು ತಮ್ಮ ಪಾಲಿನ ಹಣ ಕೊಟ್ಟವು. ಸುಮಾರು 600 ಅಂತರರಾಷ್ಟ್ರೀಯ ಜರ್ನಲ್ಲುಗಳು ಗಣಕಯಂತ್ರದ ಮೂಲಕ ತೆರೆದುಕೊಂಡವು. ಕಾಗದದ ರೂಪದಲ್ಲಿ ಹತ್ತಿಪ್ಪತ್ತನ್ನು ತರಿಸಲು ತಿಣುಕುತ್ತಿದ್ದ ಕಾಲೇಜಿಗೆ ಇದು ಎಂಥ ಬದಲಾವಣೆ ಎಂದು ನೀವೇ ಊಹಿಸಿ. ನಮ್ಮ ದೇಶದಲ್ಲಿ ಆರೋಗ್ಯ ವಿಜ್ಞಾನಕ್ಕಾಗಿಯೇ ಹುಟ್ಟಿದ ಇಂಥ ಕೂಟಗಳಲ್ಲಿ ಇದು ಮೊದಮೊದಲಿನದು. ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಸರ್ಕಾರಿ ಸಂಸ್ಥೆಗಳಿಗಾಗಿ ಇಂಥದ್ದೇ ಒಂದು ಕೂಟ ಕಟ್ಟಿದ್ದು ಐದು ವರ್ಷದ ನಂತರ, 2008ರಲ್ಲಿ.

ಅಕ್ಕನಿಗೆ ಲೇಖನ ತೆರೆದದ್ದು ಈ ಹೆಲಿನೆಟ್‌ನಿಂದ. ಅವಳ ಕಾಲೇಜಿನಲ್ಲಿ ಕಪಾಟು ಚಿಕ್ಕದಿದ್ದರೂ ಅವಳ ಲೈಬ್ರರಿ ಚಿಕ್ಕದಲ್ಲ. ಆದರೆ ಹೆಲಿನೆಟ್ ನಿಲ್ಲುವುದು ವಿಶ್ವವಿದ್ಯಾಲಯದ ಗಡಿಗೆ. ಆ ಗಡಿ ಕರ್ನಾಟಕದ ಗಡಿಯೇ.

ಆಂಧ್ರದ ಆರೋಗ್ಯ ವಿಶ್ವವಿದ್ಯಾಲಯ ನಮ್ಮದಕ್ಕಿಂತ ಹತ್ತು ವರ್ಷ ಹಿರಿಯದು, 1986ರದು. ಹೆಸರು ಮಾತ್ರ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಎನ್.ಟಿ.ಆರ್. ಎಂದಿದ್ದುದು 2022ರಲ್ಲಿ ವೈ.ಎಸ್.ಆರ್. ಆಗಿ, 2024ರಲ್ಲಿ ಮತ್ತೆ ಎನ್.ಟಿ.ಆರ್. ಆಯಿತು. ಬೋರ್ಡು ಬರೆಯುವವನಿಗೆ ಲಾಭ, ಇನ್ನೇನು. ಅದಿರಲಿ. ಅನಂತಪುರದ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 2000ದಲ್ಲಿ. ಬಳ್ಳಾರಿಯದು 1961ರಲ್ಲಿ. ರಾಯದುರ್ಗ ಕಡೆಯ ರೋಗಿಗಳು ಮೊದಲಿನಿಂದಲೂ ಬಳ್ಳಾರಿ ಆಸ್ಪತ್ರೆಯ ಹಾಸಿಗೆಗಳಲ್ಲಿ ಮಲಗಿದವರು. ರೋಗಿ ಗಡಿ ದಾಟಿದ, ಜ್ಞಾನಕ್ಕೆ ದಾಟಲಾಗಲಿಲ್ಲ.

ತಂಗಿಗೆ ಬಾಗಿಲು ತೆರೆದದ್ದು ಬೇರೊಂದು ಕಡೆಯಿಂದ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ 'ಒಂದು ದೇಶ ಒಂದು ಚಂದಾ' ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025, 2026, 2027 ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರು, ಸುಮಾರು 13,000 ಜರ್ನಲ್ಲುಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು, 1.8 ಕೋಟಿಯಷ್ಟು ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ಅದಕ್ಕೂ ಮುಂಚೆ ಬೇರೆ ಬೇರೆ ಸಚಿವಾಲಯಗಳ ಕೆಳಗೆ ಹತ್ತು ಪ್ರತ್ಯೇಕ ಗ್ರಂಥಾಲಯ ಕೂಟಗಳಿದ್ದವು. ಒಂದೇ ಸರ್ಕಾರ ಒಂದೇ ಪ್ರಕಾಶಕನ ಬಾಗಿಲಿಗೆ ಹತ್ತು ಸಲ ಹೋಗಿ ಹತ್ತು ಬೆಲೆ ಕೊಡುವ ಪರಿಸ್ಥಿತಿ. ಈಗ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ಎಲ್ಲರಿಗೂ ಸೇರಿ ಈ ಕೆಲಸ ನೋಡಿಕೊಳ್ಳುತ್ತದೆ. ಕೆಲಸ ದೊಡ್ಡದು, ಒಳ್ಳೆಯದು. ಆದರೆ ಮೊದಲ ಹಂತದಲ್ಲಿ ಇದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಕಾಲೇಜಿನ ಅಕ್ಕ ಇದರ ಹೊರಗೆ. ನಮ್ಮ ಧರ್ಮಪ್ರಾಂತಗಳೂ ಧರ್ಮಭಗಿನಿಯರ ಸಭೆಗಳೂ ನಡೆಸುವ ನರ್ಸಿಂಗ್ ಶಾಲೆ ಕಾಲೇಜುಗಳು ಇದರ ಹೊರಗೆ. ಖಾಸಗಿ ಎಂದ ಕೂಡಲೇ ಲಕ್ಷ ಲಕ್ಷ ಡೊನೇಷನ್ ವಸೂಲಿ ಮಾಡುವ ಕಾಲೇಜೇ ನೆನಪಿಗೆ ಬರುತ್ತದೆ. ಕುಗ್ರಾಮದ ಹುಡುಗಿಯರಿಗೆ ಕಡಿಮೆ ಫೀಜಿನಲ್ಲಿ ಕಲಿಸುವ ಸಿಸ್ಟರುಗಳ ಶಾಲೆಯೂ ಸರ್ಕಾರದ ಲೆಕ್ಕದಲ್ಲಿ ಖಾಸಗಿಯೇ.

ಹಾಗಾದರೆ ಹಲವು ವಿಶ್ವವಿದ್ಯಾಲಯಗಳು ಕೂಡಿ ಒಂದು ಲೈಬ್ರರಿ ಮಾಡಿಕೊಂಡದ್ದು ಎಲ್ಲಾದರೂ ಇದೆಯೇ? ಇದೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ವೈದ್ಯರ ಸಂಘದವರು 1915ರಲ್ಲಿ ತಮಗಾಗಿ ಒಂದು ಚಿಕ್ಕ ಲೈಬ್ರರಿ ಮಾಡಿಕೊಂಡಿದ್ದರು. 1943ರಲ್ಲಿ ಬೇಲರ್ ವೈದ್ಯಕೀಯ ಕಾಲೇಜು ಆ ನಗರಕ್ಕೆ ಬಂತು. ಅದಕ್ಕೂ ಒಂದು ಲೈಬ್ರರಿ. 1949ರಲ್ಲಿ ಎರಡನ್ನೂ ಕೂಡಿಸಿದರು. 1954ರಲ್ಲಿ ಅದಕ್ಕೆಂದೇ ಕಟ್ಟಡ ಎದ್ದಿತು. ಮುಂದೆ ಸುತ್ತಲೂ ಒಂದೊಂದಾಗಿ ಬೇರೆ ವಿಶ್ವವಿದ್ಯಾಲಯಗಳ ವೈದ್ಯಕೀಯ ಶಾಲೆಗಳೂ ಆಸ್ಪತ್ರೆಗಳೂ ಬಂದವು. ಬಂದವರಲ್ಲಿ ಹಲವರು ತಮ್ಮದೇ ಲೈಬ್ರರಿ ಕಟ್ಟಲು ಹೋಗದೆ ಅದರಲ್ಲೇ ಪಾಲುದಾರರಾದರು. ಅದು ಯಾವ ಒಂದು ವಿಶ್ವವಿದ್ಯಾಲಯದ ಸೊತ್ತೂ ಅಲ್ಲ. ಅದಕ್ಕೇ ಒಂದು ಪ್ರತ್ಯೇಕ ಮಂಡಳಿ ಇದೆ. ಈ ಕೊನೆಯ ಮಾತನ್ನು ನೆನಪಿಡಿ. ಹಲವರಿಗೆ ಸೇರಿದ ಲೈಬ್ರರಿ ಒಬ್ಬರ ಕೊಠಡಿಯಲ್ಲಿ ಇದ್ದರೆ ಸ್ವಲ್ಪ ದಿನದಲ್ಲೇ ಅದು ಅವರದೇ ಆಗಿಬಿಡುತ್ತದೆ, ಉಳಿದವರು ನೆಂಟರಾಗುತ್ತಾರೆ.

ಇಂಥ ಮಂಡಳಿ ಎಂದರೇನೆಂದು ತಿಳಿಯಲು ನಮ್ಮ ಕಡೆಯವರು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಗೊತ್ತಲ್ಲ, ಎಲ್ಲರೂ ಎಚ್ಚೆಲ್ಸಿ ಎನ್ನುವುದು. ಹೊಸಪೇಟೆಯಿಂದ ಹೊರಟು ಬಳ್ಳಾರಿ ಸೀಮೆಯನ್ನು ದಾಟಿ ಬೊಮ್ಮನಹಾಳು, ಕಣೇಕಲ್ಲು ಕಡೆ ಆಂಧ್ರಕ್ಕೆ ಇಳಿಯುತ್ತದೆ. 1953ರಲ್ಲಿ ರಾಜ್ಯ ಒಡೆದಾಗ ಅಣೆಕಟ್ಟೆಯನ್ನು ಒಡೆಯಲಾಗಲಿಲ್ಲ. ಆಗ ತುಂಗಭದ್ರಾ ಮಂಡಳಿ ಹುಟ್ಟಿತು. ಎರಡೂ ರಾಜ್ಯಕ್ಕೆ ಸೇರಿದ ಅಣೆಕಟ್ಟೆ ಕಾಲುವೆಗಳನ್ನು ನೋಡಿಕೊಳ್ಳುವುದು, ಖರ್ಚನ್ನು ಪಾಲು ಪ್ರಕಾರ ಹಂಚುವುದು, ನೀರು ಎಷ್ಟು ಬಿಡಬೇಕೆಂದು ಅಳೆಯುವುದು ಅದರ ಕೆಲಸ. ಜಗಳ ಇಲ್ಲವೇ? ಪ್ರತಿ ವರ್ಷ ಇದೆ. ಕಾಲುವೆಯ ಕೊನೆಯ ರೈತನಿಗೆ ನೀರು ಮುಟ್ಟುವುದಿಲ್ಲ ಎಂಬ ದೂರು ಅಷ್ಟೇ ಹಳೆಯದು. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಹಲವರಿಗೆ ಸೇರಿದ ಸೊತ್ತಿನ ದುರಸ್ತಿ ಎಷ್ಟು ದೊಡ್ಡ ಮಾತೆಂದು ಎಲ್ಲರಿಗೂ ತಿಳಿಯಿತು. ಆದರೂ ಎಪ್ಪತ್ತು ವರ್ಷ ಮೀರಿ ಎರಡು ರಾಜ್ಯ ಒಂದು ಅಣೆಕಟ್ಟೆಯ ನೀರು ಕುಡಿದಿವೆ. ನೀರನ್ನು ಹಂಚಿಕೊಂಡರೆ ಒಬ್ಬನಿಗೆ ಹೋದದ್ದು ಇನ್ನೊಬ್ಬನಿಗಿಲ್ಲ. ಗಣಕಯಂತ್ರದಲ್ಲಿ ಓದುವ ಲೇಖನ ಹಾಗಲ್ಲ. ಅಕ್ಕ ಓದಿದರೆ ತಂಗಿಗೆ ಒಂದು ಹನಿಯೂ ಕಡಿಮೆಯಾಗುವುದಿಲ್ಲ. ಕಷ್ಟದ್ದನ್ನು ಹಂಚಿಕೊಂಡವರಿಗೆ ಸುಲಭದ್ದು ಆಗಲಿಲ್ಲ!

ಎರಡು ಮೂರು ಆರೋಗ್ಯ ವಿಶ್ವವಿದ್ಯಾಲಯಗಳು ಕೂಡಿ ಗಡಿ ಸೀಮೆಗೆ ಒಂದು ಲೈಬ್ರರಿ ಯೋಚಿಸಿದರೆ ಮೊದಲು ಎದುರಾಗುವುದು ಕಟ್ಟಡವಲ್ಲ, ಹಣವೂ ಅಲ್ಲ. ಕರಾರಿನಲ್ಲಿ ಬರುವ ಒಂದು ಚಿಕ್ಕ ಮಾತು: ಓದಲು ಹಕ್ಕುಳ್ಳವರು ಯಾರು? ಪ್ರಕಾಶಕರು ಒಪ್ಪಂದಕ್ಕೆ ಸಹಿ ಹಾಕುವಾಗ ಇದನ್ನೇ ಮೊದಲು ಕೇಳುತ್ತಾರೆ. ಸಾಮಾನ್ಯವಾಗಿ ಉತ್ತರ ಹೀಗಿರುತ್ತದೆ: ಸದ್ಯ ಕಲಿಯುತ್ತಿರುವ ವಿದ್ಯಾರ್ಥಿಗಳು, ಸದ್ಯ ಸಂಬಳ ಪಡೆಯುತ್ತಿರುವ ಸಿಬ್ಬಂದಿ, ಲೈಬ್ರರಿಯೊಳಗೆ ಬಂದು ಕೂತವರು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅಕ್ಕನ ಓದು ಮುಗಿದ ದಿನ ಏನಾಗುತ್ತದೆ? ಪರೀಕ್ಷೆಗಾಗಿ ಓದುವಾಗ ಅವಳಿಗೆ ನೂರಾರು ಜರ್ನಲ್ ಇದ್ದವು. ನಿಜವಾದ ರೋಗಿಯ ಮುಂದೆ ನಿಂತ ದಿನ ಒಂದೂ ಇಲ್ಲ. ಲಾಗಿನ್ ಹೋಯಿತು.

ನಮ್ಮವರಿಗೆ ಇದು ವಿಶೇಷವಾಗಿ ತಟ್ಟುವ ಮಾತು. ಭಾರತೀಯ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭಿಸಿದ್ದೇ ವೈದ್ಯರು ಸಿಗದ ಕಡೆಗೆ ವೈದ್ಯರನ್ನು ಕಳುಹಿಸಲು. ಅಲ್ಲಿ ಓದಿದವರು ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಸೇವೆ ಮಾಡುವ ಕರಾರು ಇದೆ. ಅಂದರೆ ಒಳ್ಳೆಯ ಲೈಬ್ರರಿಯಿಂದ ಎದ್ದು, ಲೈಬ್ರರಿಯೇ ಇಲ್ಲದ ಕಡೆಗೆ ಹೋಗುವುದು. ಹಿರಿಯ ಡಾಕ್ಟರು ಪಕ್ಕದ ಕೋಣೆಯಲ್ಲಿ ಇರುವುದಿಲ್ಲ, ಸ್ಕ್ಯಾನಿಂಗ್ ಯಂತ್ರ ಇರುವುದಿಲ್ಲ, ರಾತ್ರಿ ಎರಡಕ್ಕೆ ಹಾವು ಕಚ್ಚಿದವನು ಬರುತ್ತಾನೆ. ಪುಸ್ತಕದ ಅಗತ್ಯ ಅಲ್ಲೇ ಹೆಚ್ಚು. ಹಾಗಾಗಿ ಹಲವರು ಕೂಡಿ ಲೈಬ್ರರಿ ಮಾಡುವಾಗ ಹಳ್ಳಿಯ ಸೇವೆಯಲ್ಲಿರುವ ಹಳೆಯ ವಿದ್ಯಾರ್ಥಿಯನ್ನೂ ಓದುವ ಹಕ್ಕುಳ್ಳವರ ಸಾಲಿಗೆ ಸೇರಿಸಿ ಚೌಕಾಶಿ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಒಂಟಿ ಕಾಲೇಜು ಕೇಳಿದರೆ ಪ್ರಕಾಶಕ ಕಿವಿಗೊಡಲಾರ. ಮೂರು ವಿಶ್ವವಿದ್ಯಾಲಯ ಕೂಡಿ ಕೇಳಿದರೆ ಕೊಡಬಹುದು.

ಒಂಟಿಯಾಗಿ ಆಗದ್ದನ್ನು ಕೂಡಿ ಮಾಡುವುದು ನಮಗೆ ಹೊಸದೂ ಅಲ್ಲ. ಆಸ್ಟ್ರೇಲಿಯಾದಿಂದ 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದ ವೈದ್ಯೆ ಸಿಸ್ಟರ್ ಮೇರಿ ಗ್ಲೌರಿ ಅವರು ದಿಕ್ಕಿಗೊಂದರಂತೆ ಒಂಟಿಯಾಗಿ ನಡೆಯುತ್ತಿದ್ದ ಕಥೋಲಿಕ ಆಸ್ಪತ್ರೆ ದವಾಖಾನೆಗಳನ್ನು ಕಂಡರು. 1943ರಲ್ಲಿ ಅವುಗಳನ್ನು ಒಂದು ಸಂಘವಾಗಿ ಕೂಡಿಸಿದರು. ಅದೇ ಇಂದಿನ ಭಾರತೀಯ ಕಥೋಲಿಕ ಆರೋಗ್ಯ ಸಂಘ. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬುದೂ ಅವರ ಕನಸೇ. 1957ರಲ್ಲಿ ಬೆಂಗಳೂರಿನಲ್ಲಿ ಅವರು ತೀರಿಕೊಂಡರು, ಆರು ವರ್ಷದ ನಂತರ ಅದೇ ಊರಿನಲ್ಲಿ ಕಾಲೇಜು ಬಂತು. ಈಗ ಇಂಥ ಸಂಘದ ಸದಸ್ಯ ಆಸ್ಪತ್ರೆಗಳನ್ನೂ ಹಂಚಿಕೆಯ ಲೈಬ್ರರಿಯಲ್ಲಿ ಪಾಲುದಾರರನ್ನಾಗಿ ಮಾಡುವುದು ಅದೇ ದಾರಿಯ ಮುಂದಿನ ಹೆಜ್ಜೆ.

ಇನ್ನೊಂದು ಮಾತು ಭಾಷೆಯದು. ಜರ್ನಲ್ಲುಗಳೆಲ್ಲ ಇಂಗ್ಲಿಷ್. ಅಕ್ಕ ಓದಿ ತಿಳಿದುಕೊಂಡಾಳು, ಆದರೆ ಅಜ್ಜನಿಗೆ ಕಾಲು ತೊಳೆಯುವ ಕ್ರಮ ಹೇಳಿಕೊಡಬೇಕಾದದ್ದು ಕನ್ನಡದಲ್ಲಿ. ಡಿ. ಹಿರೇಹಾಳಿನಿಂದ ಅನಂತಪುರದ ಆಸ್ಪತ್ರೆಗೆ ಹೋದ ಅಜ್ಜಿಗೆ ಅಲ್ಲಿ ಕೊಡುವ ಚೀಟಿ ತೆಲುಗಿನಲ್ಲಿರುತ್ತದೆ. ಗಡಿ ಸೀಮೆಗೆಂದೇ ಮಾಡುವ ಲೈಬ್ರರಿಯಲ್ಲಿ ಕನ್ನಡ, ತೆಲುಗು ಎರಡರಲ್ಲೂ ರೋಗಿಗೆ ಕೊಡಬಹುದಾದ ತಿಳುವಳಿಕೆ ಪತ್ರಗಳ ಒಂದು ವಿಭಾಗ ಇರದಿದ್ದರೆ ಅದು ಅರ್ಧ ಲೈಬ್ರರಿ. ಇದಕ್ಕೆ ಡಾಲರ್ ಬೇಡ. ಎರಡೂ ಭಾಷೆ ಬಲ್ಲ ನರ್ಸುಗಳು ಬೇಕು. ಅಂಥವರು ನಮ್ಮ ಊರುಗಳಲ್ಲೇ ಸಾಕಷ್ಟಿದ್ದಾರೆ.

ಅದೆಲ್ಲ ಆಗುವವರೆಗೆ ಅಕ್ಕ ತಂಗಿ ಕೈಕಟ್ಟಿ ಕೂರಬೇಕಾಗಿಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ 'ಪಬ್‌ಮೆಡ್' ಎಂಬ ಸೂಚಿ 1997ರಿಂದ ಜಗತ್ತಿನ ಯಾರಿಗಾದರೂ ಉಚಿತ. ಯಾವ ವಿಷಯದ ಮೇಲೆ ಯಾರು ಎಲ್ಲಿ ಬರೆದಿದ್ದಾರೆಂಬುದು ಅದರಲ್ಲಿ ಸಿಗುತ್ತದೆ, ಸಾರಾಂಶವೂ ಸಿಗುತ್ತದೆ. 2000ದಲ್ಲಿ ಶುರುವಾದ ಅದರ ಸೋದರಿ 'ಪಬ್‌ಮೆಡ್ ಸೆಂಟ್ರಲ್'ನಲ್ಲಿ ಪೂರ್ತಿ ಲೇಖನಗಳೇ ಇವೆ, ಕಾಸಿಲ್ಲದೆ. ನಮ್ಮದೇ ದೇಶದ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್' 1913ರಿಂದ ಬರುತ್ತಿದೆ, ಅದನ್ನೂ ಹಾಗೆಯೇ ಓದಬಹುದು. ಬೀಗ ಇರುವ ಲೇಖನ ಬೇಕೇ ಬೇಕೆಂದಾದರೆ ಬರೆದ ವೈದ್ಯರಿಗೆ ಒಂದು ಈ-ಮೇಲ್ ಹಾಕಿ ವಿನಯದಿಂದ ಕೇಳಿದರೆ ಎಷ್ಟೋ ಮಂದಿ ಸಂತೋಷದಿಂದ ಕಳುಹಿಸುತ್ತಾರೆ. ಕಾಲೇಜಿನ ಲೈಬ್ರರಿಯವರನ್ನು "ಮನೆಯಿಂದ ಓದಲು ಲಾಗಿನ್ ಇದೆಯೇ" ಎಂದು ಕೇಳಲು ಸಂಕೋಚ ಬೇಡ. ಇದ್ದೂ ಯಾರೂ ಕೇಳದೆ ಬಿದ್ದಿರುವ ಲಾಗಿನ್ನುಗಳು ಬೇಕಾದಷ್ಟಿವೆ ಎಂದು ನನ್ನ ಗುಮಾನಿ. ಪ್ಲಾಸ್ಟಿಕ್ ಕವರ್ ಬಿಚ್ಚದ ಜರ್ನಲ್ಲಿನ ಹೊಸ ಅವತಾರ ಅದು.

ಕೊನೆಗೆ ಒಂದು ಹಳೆಯ ಸಂಗತಿ. ಪ್ರಪಂಚದ ಚಿಕಿತ್ಸಾ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ 'ಕಾಕ್ರೇನ್ ಲೈಬ್ರರಿ' ಎಂಬುದೊಂದಿದೆ. 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದಕ್ಕೆ ಇಡೀ ದೇಶದ ಪರವಾಗಿ ಚಂದಾ ಕಟ್ಟಿತು. ಆ ಕರಾರಿನಲ್ಲಿ ಕಾಲೇಜಿನ ಹೆಸರು ಇರಲಿಲ್ಲ, ವಿಶ್ವವಿದ್ಯಾಲಯದ ಹೆಸರು ಇರಲಿಲ್ಲ, ಸರ್ಕಾರಿ ಖಾಸಗಿ ಎಂಬ ಭೇದ ಇರಲಿಲ್ಲ. ಭಾರತದೊಳಗೆ ಇಂಟರ್ನೆಟ್ ಇರುವ ಯಾರು ಬೇಕಾದರೂ ತೆರೆಯಬಹುದಿತ್ತು, ಓದು ಮುಗಿಸಿದ ನರ್ಸ್ ಕೂಡ. ಅಂದರೆ ಹಾಗೆಯೂ ಕರಾರು ಬರೆಯಬಹುದು. ಒಮ್ಮೆ ಬರೆದದ್ದೂ ಉಂಟು.